ಹೂ ಬಿದ್ದ ಕಣ್ಣು ಮತ್ತು ಡಾ. ಭುಜಂಗ ಶೆಟ್ಟಿ

ಕಣ್ಣಿನ ಕಪ್ಪುಗುಡ್ಡೆಯ ಮೇಲೆ ಬಿಳಿ ಕಲೆ ಮೂಡಿದರೆ ನಮ್ಮ ಕಡೆ ‘ಕಣ್ಣಲ್ಲಿ ಹೂ ಬಿದ್ದಿದೆ’ ಎನ್ನುತ್ತಾರೆ. ಮನೆಯಲ್ಲಿ ಉರ್ದು ಆಡುವ ಹಿರಿಯರು ಅದನ್ನೇ ‘ಫೂಲಾ’ ಎನ್ನುವುದುಂಟು. ಯುನಾನಿ ಗ್ರಂಥಗಳಲ್ಲಿ ಅದರ ಹೆಸರು ‘ಬಯಾಝ್’, ಅಂದರೆ ಬಿಳುಪು. ಹೆಸರೇನೋ ಚೆಂದ, ಆದರೆ ಕಾಯಿಲೆ ಕೆಟ್ಟದ್ದು. ಶ್ರವಣಬೆಳಗೊಳದ ಸುತ್ತಲಿನ ಹಳ್ಳಿಗಳಿಂದ ದವಾಖಾನೆಗೆ ಬರುವವರಲ್ಲಿ ಇಂಥ ಕಣ್ಣಿನವರು ಆಗಾಗ ಸಿಗುತ್ತಾರೆ. ಒಬ್ಬರಿಗೆ ಒಕ್ಕಣೆಯಲ್ಲಿ ಭತ್ತದ ಹೊಟ್ಟು ಬಡಿದಿರುತ್ತದೆ, ಇನ್ನೊಬ್ಬರಿಗೆ ಕಬ್ಬಿನ ಗರಿ ಗೀರಿರುತ್ತದೆ, ಮತ್ತೊಬ್ಬರಿಗೆ ತೆಂಗಿನಕಾಯಿ ಸುಲಿಯುವಾಗ ಚೂರು ಸಿಡಿದಿರುತ್ತದೆ. ಚಿಕ್ಕಂದಿನಲ್ಲಿ ದಡಾರ ಬಂದು ಹೋದ ಮೇಲೆ ಕಣ್ಣು ಬೆಳ್ಳಗಾದವರೂ ಇದ್ದಾರೆ. ಬಂದವರು ಕೇಳುವುದು ಹೆಚ್ಚುಕಡಿಮೆ ಒಂದೇ ಮಾತು: “ಹಕೀಮ್ ಸಾಬ್, ಒಂದು ಒಳ್ಳೆ ಸುರ್ಮಾ ಕೊಡಿ, ಹೂ ಕರಗಿ ಹೋಗಲಿ.”

ಕೊಡುವುದಿಲ್ಲ. ದಪ್ಪಗೆ ಕೂತ ಕಲೆಯನ್ನು ಕರಗಿಸುವ ಸುರ್ಮಾ ನಮ್ಮ ಪದ್ಧತಿಯಲ್ಲೂ ಇಲ್ಲ, ಬೇರೆ ಯಾವ ಪದ್ಧತಿಯಲ್ಲೂ ಇಲ್ಲ. ಅದಕ್ಕಿರುವ ಮದ್ದು ಒಂದೇ. ಕಲೆಯಾದ ಪದರವನ್ನು ಕತ್ತರಿಸಿ ತೆಗೆದು, ತೀರಿಕೊಂಡ ಇನ್ನೊಬ್ಬರ ಶುಭ್ರ ಪದರವನ್ನು ಆ ಜಾಗಕ್ಕೆ ಹೊಲಿಯುವುದು. ಈ ಕೆಲಸವನ್ನು ಕರ್ನಾಟಕದ ಮನೆಮಾತಾಗಿಸಿದವರು ಬೆಂಗಳೂರಿನ ನಾರಾಯಣ ನೇತ್ರಾಲಯದ ಸ್ಥಾಪಕ ಡಾ. ಕೆ. ಭುಜಂಗ ಶೆಟ್ಟಿ. 2023ರ ಮೇ 19ರಂದು, 69ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು. ಅವರ ಕೆಲಸದ ಬಗ್ಗೆ ಹೇಳುವ ಮೊದಲು ಆ ಪದರದ ಬಗ್ಗೆ, ಅದನ್ನು ಮೊಟ್ಟಮೊದಲು ಬದಲಿಸಿದ ವೈದ್ಯನ ಬಗ್ಗೆ ಸ್ವಲ್ಪ ಹೇಳಬೇಕು.

ಕೊಂಬಿನಂಥ ಪದರ

ಕಣ್ಣಿನ ಕಪ್ಪು ಭಾಗದ ಮುಂದೆ, ಕೈಗಡಿಯಾರದ ಗಾಜಿನಂತೆ ಕೂತಿರುವ ಪಾರದರ್ಶಕ ಪದರವೇ ಕಾರ್ನಿಯಾ. ಅಗಲ 11-12 ಮಿಲಿಮೀಟರ್, ದಪ್ಪ ನಡುವೆ ಅರ್ಧ ಮಿಲಿಮೀಟರ್ ಆಸುಪಾಸು. ಅರಬಿ ವೈದ್ಯರು ಇದನ್ನು ‘ಕರ್ನಿಯ್ಯ’ ಎಂದರು. ‘ಕರ್ನ್’ ಅಂದರೆ ಕೊಂಬು. ತೆಳ್ಳಗೆ ಸೀಳಿದ ಕೊಂಬಿನ ಹಾಗೆ ಬೆಳಕನ್ನು ಒಳಗೆ ಬಿಡುತ್ತದೆ ಎಂಬ ಕಲ್ಪನೆ ಗ್ರೀಕರಿಂದ ಬಂದದ್ದು. ಲ್ಯಾಟಿನ್ನಿನ ‘ಕಾರ್ನಿಯಾ’ ಪದಕ್ಕೂ ಕೊಂಬೇ ಮೂಲ. 9ನೇ ಶತಮಾನದ ಬಗ್ದಾದಿನಲ್ಲಿ ಹುನೈನ್ ಇಬ್ನ್ ಇಸ್‌ಹಾಕ್ ಕಣ್ಣಿನ ಬಗ್ಗೆಯೇ ಹತ್ತು ಪ್ರಬಂಧಗಳ ಗ್ರಂಥ ಬರೆದರು. ಮುಂದೆ ಅಲಿ ಇಬ್ನ್ ಈಸಾ ತಮ್ಮ ‘ತಝ್ಕಿರತುಲ್ ಕಹ್ಹಾಲೀನ್’ನಲ್ಲಿ ನೂರಕ್ಕೂ ಹೆಚ್ಚು ನೇತ್ರರೋಗಗಳನ್ನು ವಿವರಿಸಿದರು. ಅಮ್ಮಾರ್ ಅಲ್ ಮೌಸಿಲಿ ಟೊಳ್ಳು ಸೂಜಿಯಿಂದ ಕಣ್ಣಿನ ಪೊರೆಯನ್ನು ಹೀರಿ ತೆಗೆಯುವ ಶಸ್ತ್ರಕ್ರಿಯೆಯನ್ನು ಬರೆದಿಟ್ಟರು. ಇಷ್ಟೆಲ್ಲ ಬಲ್ಲ ಹಕೀಮರ ಕೈ ಹೂ ಬಿದ್ದ ಕಣ್ಣಿನ ಮುಂದೆ ಮಾತ್ರ ಸೋತಿತ್ತು.

ಕಾರ್ನಿಯಾದ ಒಂದು ವಿಶೇಷ ಗಮನಿಸಿ. ಅದರಲ್ಲಿ ರಕ್ತನಾಳಗಳಿಲ್ಲ. ಉಸಿರನ್ನು ನೇರವಾಗಿ ಗಾಳಿಯಿಂದಲೇ ಪಡೆಯುತ್ತದೆ, ಆಹಾರವನ್ನು ಕಣ್ಣಿನೊಳಗಿನ ನೀರಿನಿಂದ ಪಡೆಯುತ್ತದೆ. ನಾಳಗಳಿದ್ದರೆ ಅದು ಪಾರದರ್ಶಕವಾಗಿ ಉಳಿಯುತ್ತಿರಲಿಲ್ಲ. ರಕ್ತ ಹರಿಯದ ಕಾರಣ ದೇಹದ ಕಾವಲು ಪಡೆ ಅಲ್ಲಿಗೆ ಸುಲಭವಾಗಿ ತಲುಪುವುದಿಲ್ಲ. ಆದ್ದರಿಂದಲೇ ಪರರ ಕಾರ್ನಿಯಾವನ್ನು ದೇಹ ಪರರ ಮೂತ್ರಪಿಂಡದಷ್ಟು ಬೇಗ ತಿರಸ್ಕರಿಸುವುದಿಲ್ಲ. ವೈದ್ಯಕೀಯ ಭಾಷೆಯಲ್ಲಿ ಇದು ಅಂಗವಲ್ಲ, ಅಂಗಾಂಶ. ಆದರೆ ಮನುಷ್ಯರಿಂದ ಮನುಷ್ಯರಿಗೆ ಕಸಿ ಮಾಡಿ ಗೆದ್ದ ಕಥೆ ಶುರುವಾಗುವುದು ಇಲ್ಲಿಂದಲೇ.

ಸುಣ್ಣ ಬಿದ್ದ ಕೂಲಿಯವನು

1905ರ ಡಿಸೆಂಬರ್ 7. ಈಗಿನ ಚೆಕ್ ದೇಶದ ಓಲೋಮೌಟ್ಸ್ ಎಂಬ ಊರು. ಅಲ್ಲಿನ ಆಸ್ಪತ್ರೆಯ ಕಣ್ಣಿನ ವಿಭಾಗಕ್ಕೆ ವಿಯೆನ್ನಾದಲ್ಲಿ ಓದಿ ಬಂದ ಎಡುವರ್ಡ್ ಜಿರ್ಮ್ ಮುಖ್ಯಸ್ಥ. ರೋಗಿ ಅಲೋಯಿಸ್ ಗ್ಲೋಗರ್, 45 ವರ್ಷದ ದಿನಗೂಲಿ. ವರ್ಷದ ಹಿಂದೆ ಸುಣ್ಣದ ಕೆಲಸ ಮಾಡುವಾಗ ಸುಣ್ಣ ಎರಡೂ ಕಣ್ಣಿಗೆ ಹಾರಿ, ಎರಡೂ ಬೆಳ್ಳಗಾಗಿದ್ದವು. ಅದೇ ಹೊತ್ತಿಗೆ 11 ವರ್ಷದ ಹುಡುಗನೊಬ್ಬನ ಕಣ್ಣಿಗೆ ಕಬ್ಬಿಣದ ಚೂರು ಹೊಕ್ಕಿತ್ತು. ಆ ಕಣ್ಣನ್ನು ಉಳಿಸಲು ದಾರಿಯಿರಲಿಲ್ಲ, ತೆಗೆಯಲೇಬೇಕಾಯಿತು. ಆದರೆ ಅದರ ಕಾರ್ನಿಯಾ ಶುಭ್ರವಾಗಿತ್ತು. ಜಿರ್ಮ್ ಅದರಿಂದ ಎರಡು ಬಿಲ್ಲೆಗಳನ್ನು ಕೊರೆದು ಗ್ಲೋಗರನ ಎರಡೂ ಕಣ್ಣಿಗೆ ಕೂರಿಸಿದರು. ಒಂದು ಕಣ್ಣು ಕೆಟ್ಟಿತು, ಇನ್ನೊಂದು ತಿಳಿಯಾಗಿ ಉಳಿಯಿತು. ಕೂಲಿಯವನು ಮತ್ತೆ ಕೆಲಸಕ್ಕೆ ಹೋದ.

ಅದಕ್ಕೆ ಮುಂಚೆ ಎಂಬತ್ತು ವರ್ಷಗಳಷ್ಟು ಕಾಲ ಯೂರೋಪಿನ ವೈದ್ಯರು ಹಂದಿ, ಮೊಲಗಳ ಕಾರ್ನಿಯಾ ಹಿಡಿದು ಪರದಾಡಿದ್ದರು. ಸ್ಯಾಮುಯೆಲ್ ಬಿಗ್ಗರ್ ಎಂಬ ಐರಿಷ್ ವೈದ್ಯ ಈಜಿಪ್ಟಿನಲ್ಲಿ ಬದೂವಿಗಳ ಸೆರೆಯಾಳಾಗಿದ್ದಾಗ ಒಂದು ಸಾಕು ಜಿಂಕೆಯ ಕಣ್ಣಿಗೆ ಇನ್ನೊಂದು ಜಿಂಕೆಯ ಕಾರ್ನಿಯಾ ಹಾಕಿ, ಅದಕ್ಕೆ ಕಣ್ಣು ಕಂಡಿತೆಂದು 1837ರಲ್ಲಿ ಬರೆದರು. ಜಿಂಕೆಗೆ ಜಿಂಕೆಯದು ಹೊಂದಿತು, ಮನುಷ್ಯನಿಗೆ ಪ್ರಾಣಿಯದು ಹೊಂದಲಿಲ್ಲ. ಜಿರ್ಮ್ ಹಾಕಿಕೊಂಡ ನಿಯಮಗಳು ಸರಳವಾಗಿದ್ದವು. ಮನುಷ್ಯನ ಕಾರ್ನಿಯಾವನ್ನೇ ಬಳಸಬೇಕು, ಕೈಯೂ ಉಪಕರಣವೂ ಕಟ್ಟುನಿಟ್ಟಾಗಿ ಸ್ವಚ್ಛವಿರಬೇಕು, ಬಿಲ್ಲೆಯನ್ನು ಹಿಂಡಿ ಹಿಸುಕದೆ ಲವಣಜಲದ ಬಟ್ಟೆಯಲ್ಲಿ ಒದ್ದೆಯಾಗಿ ಇಡಬೇಕು.

1954ರಲ್ಲಿ ಬಾಸ್ಟನ್ನಿನ ಜೋಸೆಫ್ ಮರ್ರೆ ಅವಳಿ ಸಹೋದರರ ನಡುವೆ ಮೂತ್ರಪಿಂಡ ಕಸಿ ಮಾಡಿದರು. 1967ರಲ್ಲಿ ಕೇಪ್‌ಟೌನಿನ ಕ್ರಿಶ್ಚಿಯನ್ ಬರ್ನಾರ್ಡ್ ಹೃದಯ ಕಸಿ ಮಾಡಿ ಜಗತ್ತಿನ ಪತ್ರಿಕೆಗಳ ಮುಖಪುಟಕ್ಕೆ ಬಂದರು. ಅವರ ಹೆಸರು ಶಾಲಾ ಮಕ್ಕಳಿಗೂ ಗೊತ್ತು. ಅವರೆಲ್ಲರಿಗಿಂತ ಅರ್ಧ ಶತಮಾನ ಮುಂಚೆ ಗೆದ್ದ ಜಿರ್ಮ್ ಹೆಸರು ವೈದ್ಯರಲ್ಲೇ ಹಲವರಿಗೆ ಗೊತ್ತಿಲ್ಲ.

ಜಿರ್ಮ್ ಮಾಡಿದ್ದು ಬದುಕಿರುವ ಹುಡುಗನ ಕೆಟ್ಟ ಕಣ್ಣಿನಿಂದ. ಅಂಥ ಕಣ್ಣು ಎಷ್ಟು ಸಿಕ್ಕೀತು? 1930ರ ದಶಕದಲ್ಲಿ ಒಡೆಸ್ಸಾ ನಗರದ ವ್ಲಾದಿಮಿರ್ ಫಿಲಾತೋವ್, ತೀರಿಕೊಂಡವರ ಕಾರ್ನಿಯಾವನ್ನು ತಂಪಿನಲ್ಲಿಟ್ಟರೆ ಕಸಿಗೆ ಬರುತ್ತದೆ ಎಂದು ತೋರಿಸಿಕೊಟ್ಟರು. 1944ರಲ್ಲಿ ನ್ಯೂಯಾರ್ಕಿನಲ್ಲಿ ಕಣ್ಣಿನ ಬ್ಯಾಂಕ್ ಆರಂಭವಾಯಿತು. ಮರುವರ್ಷವೇ ಮದರಾಸಿನಲ್ಲಿ ಡಾ. ಮುತ್ತಯ್ಯ ಭಾರತದ ಮೊದಲ ಕಣ್ಣಿನ ಬ್ಯಾಂಕ್ ತೆರೆದು, 1948ರಲ್ಲಿ ಕಾರ್ನಿಯಾ ಕಸಿಯನ್ನೂ ಮಾಡಿದರು. ಹೀಗೆ ವಿದ್ಯೆ ನಮ್ಮ ದಕ್ಷಿಣಕ್ಕೆ ತಡವಾಗಿಯೇನೂ ಬರಲಿಲ್ಲ. ಬರದೆ ಉಳಿದದ್ದು ಕಾರ್ನಿಯಾ.

ಶ್ರೀರಾಮಪುರದಿಂದ ರಾಜಾಜಿನಗರಕ್ಕೆ

ಭುಜಂಗ ಶೆಟ್ಟಿಯವರು ಓದಿದ್ದು ಬೆಂಗಳೂರು ವೈದ್ಯಕೀಯ ಕಾಲೇಜಿನಲ್ಲಿ. ನೇತ್ರವಿಜ್ಞಾನ ಕಲಿತದ್ದು ಅದಕ್ಕೆ ಸೇರಿದ ಮಿಂಟೋ ಕಣ್ಣಾಸ್ಪತ್ರೆಯಲ್ಲಿ. ಹಾಸನ, ಮಂಡ್ಯ, ತುಮಕೂರಿನ ಬಡವರು ಕಣ್ಣು ಹೋದರೆ ರೈಲು ಹತ್ತುತ್ತಿದ್ದದ್ದು ಮಿಂಟೋ ಕಡೆಗೆ. ಅಲ್ಲಿ ಕಲಿತವರಿಗೆ ಹಳ್ಳಿಯ ಕಣ್ಣುಗಳ ಪರಿಚಯ ಪುಸ್ತಕವಿಲ್ಲದೆಯೂ ಆಗುತ್ತದೆ. 1982ರಲ್ಲಿ ಅವರು ಶ್ರೀರಾಮಪುರದಲ್ಲಿ ಸಣ್ಣದೊಂದು ಕಣ್ಣಿನ ಚಿಕಿತ್ಸಾಲಯ ತೆರೆದರು. ಅದಕ್ಕಿಟ್ಟ ಹೆಸರು ನಾರಾಯಣ ನೇತ್ರಾಲಯ. ಸುತ್ತಲೂ ಗಿರಣಿ ಕಾರ್ಮಿಕರು, ಸಣ್ಣ ವ್ಯಾಪಾರಿಗಳು ಇರುವ ಬಡಾವಣೆ ಅದು. 1993ರಲ್ಲಿ ರಾಜಾಜಿನಗರದಲ್ಲಿ ದೊಡ್ಡ ಆಸ್ಪತ್ರೆಯಾಯಿತು. ಮುಂದೆ ನಗರದ ಬೇರೆ ಭಾಗಗಳಿಗೂ ಹರಡಿತು, ನೇತ್ರವೈದ್ಯರಿಗೆ ಉನ್ನತ ತರಬೇತಿ ಕೊಡುವ ಸಂಸ್ಥೆಯಾಗಿ ಬೆಳೆಯಿತು. 2008ರಿಂದ ಅಲ್ಲಿನ ತಂಡ ಅವಧಿಗೆ ಮುನ್ನ ಹುಟ್ಟಿದ ಕೂಸುಗಳ ಕಣ್ಣು ನೋಡಲು ಕ್ಯಾಮೆರಾ ಹೊತ್ತು ಜಿಲ್ಲಾ ಆಸ್ಪತ್ರೆಗಳಿಗೇ ಹೋಗುತ್ತಿದೆ. ಡಾ. ಆನಂದ ವಿಣೇಕರ್ ಕಟ್ಟಿದ ಆ ಕಾರ್ಯಕ್ರಮವೇ ಪ್ರತ್ಯೇಕ ಲೇಖನಕ್ಕಾಗುವಷ್ಟಿದೆ.

ಆಸ್ಪತ್ರೆ ಕಟ್ಟಿದವರು ಬಹಳ ಮಂದಿ ಇದ್ದಾರೆ. ನನ್ನ ಮಟ್ಟಿಗೆ ಭುಜಂಗ ಶೆಟ್ಟಿಯವರ ನಿಜವಾದ ಸಾಧನೆ 1994ರದ್ದು. ಆ ವರ್ಷ ಅವರು ಕಣ್ಣಿನ ಬ್ಯಾಂಕ್ ಆರಂಭಿಸಿ, ಅದಕ್ಕೆ ವರನಟ ಡಾ. ರಾಜ್‌ಕುಮಾರ್ ಹೆಸರಿಟ್ಟರು. ಉದ್ಘಾಟನೆಗೆ ಬಂದ ರಾಜ್‌ಕುಮಾರ್ ತಮ್ಮ ಕಣ್ಣುಗಳನ್ನಷ್ಟೇ ಅಲ್ಲ, ಇಡೀ ಕುಟುಂಬದ ಕಣ್ಣುಗಳನ್ನು ದಾನ ಮಾಡುವುದಾಗಿ ಮಾತು ಕೊಟ್ಟರು. ಶಸ್ತ್ರವೈದ್ಯನೊಬ್ಬ ತನ್ನ ಕತ್ತರಿ, ಸೂಜಿಯಷ್ಟೇ ಸಾಲದು, ಜನರ ಮನಸ್ಸೂ ಬೇಕು ಎಂದು ಅರಿತು ಇಟ್ಟ ಹೆಜ್ಜೆ ಇದು. ಬರ್ನಾರ್ಡ್‌ಗೆ ಒಂದು ಹೃದಯ ಸಾಕಾಗಿತ್ತು, ಇತಿಹಾಸವಾಯಿತು. ಕಾರ್ನಿಯಾ ಕಸಿಯಲ್ಲಿ ಹಾಗಾಗುವುದಿಲ್ಲ. ಅಲ್ಲಿ ದಿನವೂ, ಯಾವುದೋ ಮನೆಯ ಹಜಾರದಲ್ಲಿ, ಅಳುತ್ತಿರುವ ಯಾರೋ ಒಬ್ಬರು ಕಣ್ಣೊರೆಸಿಕೊಂಡು ಫೋನ್ ಮಾಡಬೇಕು.

ರಾಜ್‌ಕುಮಾರ್ ಮನೆಯವರು ಮಾತು ಉಳಿಸಿಕೊಂಡರು. 2006ರ ಏಪ್ರಿಲ್ 12ರಂದು ಅವರು ತೀರಿಕೊಂಡಾಗ ಕಣ್ಣುಗಳನ್ನು ತೆಗೆದುಕೊಳ್ಳಲಾಯಿತು. 2017ರಲ್ಲಿ ಪಾರ್ವತಮ್ಮನವರ ಕಣ್ಣುಗಳೂ ಹಾಗೆಯೇ ಹೋದವು. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೇ ಹೃದಯಾಘಾತದಿಂದ ಹೋದಾಗ ಕರ್ನಾಟಕ ಹೇಗೆ ದಿಗ್ಭ್ರಮೆಗೊಂಡಿತ್ತು ಎಂಬುದು ಎಲ್ಲರ ನೆನಪಿನಲ್ಲಿದೆ. ಆ ಗದ್ದಲದ ನಡುವೆಯೂ ಮನೆಯವರು ನೇತ್ರಾಲಯಕ್ಕೆ ಫೋನ್ ಮಾಡುವುದನ್ನು ಮರೆಯಲಿಲ್ಲ.

ಎರಡು ಕಣ್ಣು, ನಾಲ್ವರು

ಮರುದಿನವೇ ಶಸ್ತ್ರಕ್ರಿಯೆಗಳಾದವು. ಎರಡು ಕಾರ್ನಿಯಾ ನಾಲ್ವರಿಗೆ ಹೋಯಿತು. ಇದು ಹೇಗೆ ಸಾಧ್ಯ ಎಂದು ಅನೇಕರು ನನ್ನನ್ನೂ ಕೇಳಿದ್ದುಂಟು. ಭುಜಂಗ ಶೆಟ್ಟಿಯವರು ಪತ್ರಕರ್ತರ ಮುಂದೆ ಅದನ್ನು ತಾಳ್ಮೆಯಿಂದ ಬಿಡಿಸಿ ಹೇಳಿದ್ದರು.

ಕಾರ್ನಿಯಾ ಮೇಲ್ನೋಟಕ್ಕೆ ಒಂದೇ ಪದರ, ಆದರೆ ಒಳಗೆ ಈರುಳ್ಳಿಯ ಹಾಗೆ ಹಲವು. ಮುಂಭಾಗದ ದಪ್ಪ ಪದರಗಳು ಆಕಾರ ಕೊಡುತ್ತವೆ. ಹಿಂಬದಿಯ ತೀರ ತೆಳುವಾದ ಜೀವಕೋಶದ ಸಾಲು, ಬಾವಿಗೆ ಪಂಪು ಇಟ್ಟ ಹಾಗೆ, ಸದಾ ನೀರನ್ನು ಹೊರಗೆಳೆಯುತ್ತಿರುತ್ತದೆ. ಆ ಪಂಪು ನಿಂತರೆ ಕಾರ್ನಿಯಾ ನೀರು ಕುಡಿದು ಊದಿಕೊಂಡು ಮಬ್ಬಾಗುತ್ತದೆ. ಈ ಹಿಂಬದಿಯ ಕೋಶಗಳು ಒಮ್ಮೆ ಸತ್ತರೆ ಮನುಷ್ಯನಲ್ಲಿ ಮತ್ತೆ ಹುಟ್ಟುವುದಿಲ್ಲ. ಕೆಲವು ರೋಗಿಗಳಿಗೆ ಮುಂಭಾಗ ಮಾತ್ರ ಕೆಟ್ಟಿರುತ್ತದೆ, ಕೆಲವರಿಗೆ ಹಿಂಭಾಗ ಮಾತ್ರ. ಹಿಂದೆಲ್ಲ ಇಬ್ಬರಿಗೂ ಇಡೀ ಕಾರ್ನಿಯಾವನ್ನೇ ಬದಲಿಸುತ್ತಿದ್ದರು, ಅಂದರೆ ಒಂದು ಹೆಂಚು ಒಡೆದರೆ ಇಡೀ ಚಾವಣಿ ಕಿತ್ತ ಹಾಗೆ. ಈಗ ಒಂದು ಕಾರ್ನಿಯಾವನ್ನು ಅಡ್ಡಲಾಗಿ ಎರಡು ಹಾಳೆಯಾಗಿ ಸೀಳಿ, ಮುಂದಿನದನ್ನು ಒಬ್ಬರಿಗೆ, ಹಿಂದಿನದನ್ನು ಇನ್ನೊಬ್ಬರಿಗೆ ಕೊಡಬಹುದು. ಅರ್ಧ ಮಿಲಿಮೀಟರ್ ದಪ್ಪದ್ದನ್ನು ಸೀಳುವುದು! ಮುಂದಿನ ಹಾಳೆಯನ್ನು ಕೂದಲಿಗಿಂತ ತೆಳ್ಳಗಿನ ನೈಲಾನ್ ದಾರದಿಂದ ಸುತ್ತಲೂ ಹೊಲಿಯುತ್ತಾರೆ. ಹಿಂದಿನ ಹಾಳೆಯನ್ನು ಸಣ್ಣ ಸೀಳಿನ ಮೂಲಕ ಒಳಗೆ ಕಳಿಸಿ, ಅದರ ಕೆಳಗೊಂದು ಗಾಳಿಗುಳ್ಳೆ ಬಿಟ್ಟು, ರೋಗಿಯನ್ನು ಅಂಗಾತ ಮಲಗಿಸುತ್ತಾರೆ. ಗಾಳಿಯೇ ಹಾಳೆಯನ್ನು ಮೇಲಕ್ಕೆ ಒತ್ತಿ ಅಂಟಿಸುತ್ತದೆ.

ಹೀಗೆ ಕಣ್ಣು ಪಡೆದ ನಾಲ್ವರೂ ಕರ್ನಾಟಕದವರೇ, ಎಲ್ಲರೂ ಯುವಜನರು. ತಿಂಗಳುಗಟ್ಟಲೆ ಸರದಿಯಲ್ಲಿ ಕಾದಿದ್ದವರು. ಯಾರ ಕಣ್ಣು ಯಾರಿಗೆ ಎಂಬುದನ್ನು ಎರಡೂ ಕಡೆಯವರಿಗೆ ತಿಳಿಸದಿರುವುದು ರೂಢಿ. ಒಳ್ಳೆಯ ರೂಢಿ ಎಂದೇ ನನ್ನ ಅನಿಸಿಕೆ, ಉಪಕಾರದ ಭಾರ ಯಾರ ಹೆಗಲ ಮೇಲೂ ಬೀಳುವುದಿಲ್ಲ.

ಇನ್ನೊಂದು ಸಂಗತಿಗೆ ಹೆಚ್ಚು ಪ್ರಚಾರ ಸಿಗಲಿಲ್ಲ. ಕಸಿಗೆ ಬಳಸಿ ಉಳಿದ ಅಂಚನ್ನೂ ತಂಡ ಎಸೆಯಲಿಲ್ಲ. ಕಪ್ಪು ಮತ್ತು ಬಿಳಿ ಗುಡ್ಡೆ ಸೇರುವ ಆ ಗೆರೆಯಲ್ಲಿ ಕಾರ್ನಿಯಾದ ಮೇಲ್ಮೈಯನ್ನು ಜೀವನಪೂರ್ತಿ ಹೊಸದಾಗಿ ಹುಟ್ಟಿಸುವ ಮೂಲಕೋಶಗಳಿವೆ. ಅವನ್ನು ಪ್ರಯೋಗಾಲಯಕ್ಕೆ ಕಳಿಸಿದರು. ಸುಣ್ಣ, ಆ್ಯಸಿಡ್ ಬಿದ್ದು ಸುಟ್ಟ ಕಣ್ಣಿನಲ್ಲಿ ಆ ಗೆರೆಯೇ ನಾಶವಾಗಿರುತ್ತದೆ. ಅಂಥ ಕಣ್ಣಿಗೆ ಬರೀ ಕಾರ್ನಿಯಾ ಹೊಲಿದರೆ ಬಹುಕಾಲ ನಿಲ್ಲುವುದಿಲ್ಲ, ಮೊದಲು ಮೂಲಕೋಶ ಬೇಕು. ಸುಣ್ಣ ಬಿದ್ದ ಗ್ಲೋಗರನ ಒಂದು ಕಣ್ಣಾದರೂ ಉಳಿದದ್ದು ಇದೇ ಕಾರಣಕ್ಕೆ ಇಂದಿಗೂ ಅಚ್ಚರಿಯೆನಿಸುತ್ತದೆ.

ಪುನೀತ್ ಅವರ ನಂತರ ನೇತ್ರದಾನದ ವಾಗ್ದಾನಗಳೂ ನಿಜವಾದ ದಾನಗಳೂ ಕರ್ನಾಟಕದಲ್ಲಿ ಹಿಂದೆಂದೂ ಕಾಣದಷ್ಟು ಏರಿದವು. ಆದರೆ ಪ್ರಸಿದ್ಧರಷ್ಟೇ ಇದನ್ನು ಮಾಡಿದವರಲ್ಲ. 2016ರ ಫೆಬ್ರವರಿಯಲ್ಲಿ ಗುಬ್ಬಿ ಕಡೆಯ ಯುವಕ ಹರೀಶ್ ಊರಿಗೆ ಹೋಗಿ ಮತ ಹಾಕಿ ಬೈಕಿನಲ್ಲಿ ಬೆಂಗಳೂರಿಗೆ ಮರಳುವಾಗ ನೆಲಮಂಗಲದ ಬಳಿ ಲಾರಿಯಡಿ ಸಿಕ್ಕಿ ದೇಹವೇ ಇಬ್ಭಾಗವಾಯಿತು. ಆ ಸ್ಥಿತಿಯಲ್ಲೂ ತನ್ನ ಅಂಗಗಳನ್ನು ದಾನ ಮಾಡಿ ಎಂದು ಆತ ಹೇಳಿದ. ಹೆಲ್ಮೆಟ್ ಇದ್ದುದರಿಂದ ತಲೆಗೆ ಪೆಟ್ಟಾಗಿರಲಿಲ್ಲ, ಕಣ್ಣುಗಳನ್ನು ಪಡೆಯಲಾಯಿತು. ಅಪಘಾತಕ್ಕೆ ಸಿಕ್ಕವರಿಗೆ ಮೊದಲ 48 ಗಂಟೆ ಉಚಿತ ಚಿಕಿತ್ಸೆ ಕೊಡುವ ಸರ್ಕಾರದ ಯೋಜನೆಗೆ ಹರೀಶ್ ಹೆಸರಿಟ್ಟದ್ದು ಆ ಮೇಲೆ.

ಯಾರಿಗೆ ಉಪಯೋಗ, ಯಾರಿಗೆ ಇಲ್ಲ

2015-19ರ ರಾಷ್ಟ್ರೀಯ ಅಂಧತ್ವ ಸಮೀಕ್ಷೆಯ ಪ್ರಕಾರ 50 ವರ್ಷದೊಳಗಿನವರ ಕುರುಡುತನಕ್ಕೆ ಕಾರ್ನಿಯಾದ ಕಲೆಯೇ ಮೊದಲ ಕಾರಣ, ಶೇ. 37.5. ಅಂದರೆ ದುಡಿಯುವ ವಯಸ್ಸಿನವರು, ಮಕ್ಕಳು. ವಯಸ್ಸಾದವರ ಪೊರೆಗೆ ನಮ್ಮ ತಾಲ್ಲೂಕುಗಳಲ್ಲೂ ಶಿಬಿರಗಳಾಗುತ್ತವೆ, ಮಸೂರ ಕಂಪನಿಯಿಂದ ಬರುತ್ತದೆ. ಕಾರ್ನಿಯಾವನ್ನು ಯಾವ ಕಂಪನಿಯೂ ತಯಾರಿಸಿ ಪೂರೈಸುತ್ತಿಲ್ಲ.

ಎಲ್ಲ ಕುರುಡುತನಕ್ಕೂ ಇದು ಮದ್ದಲ್ಲ. ಕಣ್ಣಿನ ಹಿಂದಿನ ಪರದೆ ಅಥವಾ ನರ ಕೆಟ್ಟಿದ್ದರೆ, ಸಕ್ಕರೆ ಕಾಯಿಲೆ ಅಥವಾ ಗ್ಲಾಕೋಮಾದಿಂದ ದೃಷ್ಟಿ ಹೋಗಿದ್ದರೆ ಮುಂದಿನ ಗಾಜು ಬದಲಿಸಿ ಪ್ರಯೋಜನವಿಲ್ಲ. ಇಡೀ ಕಣ್ಣನ್ನು ಕಿತ್ತು ಇನ್ನೊಬ್ಬರಿಗೆ ಹಾಕುತ್ತಾರೆ ಎಂಬುದೂ ತಪ್ಪು ತಿಳಿವಳಿಕೆ. ಕಸಿ ಮಾಡಿಸಿಕೊಂಡವರು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಹನಿ ಹಾಕಿಕೊಳ್ಳಬೇಕು. ಕಣ್ಣು ಕೆಂಪಾದರೆ, ಬೆಳಕು ನೋಡಲಾಗದಿದ್ದರೆ, ಕಾಣುವುದು ಮಸುಕಾದರೆ, ನೋವು ಬಂದರೆ ಅದೇ ದಿನ ಬಸ್ಸು ಹತ್ತಬೇಕು. ಸಂತೆ ಮುಗಿಸಿ ನಾಳೆ ಹೋದರಾಯಿತು ಎಂದರೆ ಹೊಲಿದ ಕಾರ್ನಿಯಾ ಹೋಗುತ್ತದೆ.

ಅದಕ್ಕಿಂತ ಮುಖ್ಯ, ಹೂ ಬೀಳದಂತೆ ನೋಡಿಕೊಳ್ಳುವುದು. ಎಲೆಅಡಿಕೆಯ ಸುಣ್ಣದ ಸಣ್ಣ ಪಾಕೀಟನ್ನು ಮಕ್ಕಳು ಹಿಸುಕಿ ಆಡುತ್ತಾರೆ, ಅದು ಸಿಡಿದು ನೇರ ಕಣ್ಣಿಗೆ ಹೋಗುತ್ತದೆ. ಅಜ್ಜಿಯರು ಆ ಪಾಕೀಟನ್ನು ಮಕ್ಕಳ ಕೈಗೆ ಸಿಗದಂತೆ ಇಡಲಿ. ಸುಣ್ಣವೋ ಸಿಮೆಂಟೋ ಬಿದ್ದರೆ ಆಸ್ಪತ್ರೆಗೆ ಓಡುವ ಮೊದಲು, ನಿಂತಲ್ಲೇ, ರೆಪ್ಪೆ ಅಗಲಿಸಿ ಶುದ್ಧ ನೀರನ್ನು ಕನಿಷ್ಠ ಅರ್ಧ ಗಂಟೆ ಸುರಿಯಬೇಕು. ನಿಂಬೆ ರಸ ಬೇಡ, ಹರಳೆಣ್ಣೆ ಬೇಡ, ಎದೆಹಾಲೂ ಬೇಡ. ಹೊಟ್ಟು, ಗರಿ, ಕಡ್ಡಿ ತಾಗಿ ಎರಡು ದಿನವಾದರೂ ಕಣ್ಣು ಕೆಂಪಾಗಿ ನೀರು ಸುರಿಯುತ್ತಿದ್ದರೆ ಒಳಗೆ ಬೂಸ್ಟು ಹಿಡಿದಿರಬಹುದು. ಆಗ ಅಂಗಡಿಯಲ್ಲಿ ಕೇಳಿ ತಂದ ಸ್ಟೀರಾಯ್ಡ್ ಹನಿ ಹಾಕಿದರೆ ಬೆಂಕಿಗೆ ಸೀಮೆಎಣ್ಣೆ ಸುರಿದ ಹಾಗೆ. ಗಾಯದ ಕಣ್ಣಿಗೆ ಸುರ್ಮಾ ಕೂಡ ಹಾಕಬಾರದು, ಇದನ್ನು ಯುನಾನಿ ವೈದ್ಯನಾಗಿಯೇ ಹೇಳುತ್ತಿದ್ದೇನೆ. ಮಕ್ಕಳಿಗೆ ದಡಾರದ ಲಸಿಕೆ, 9 ತಿಂಗಳಿನಿಂದ 5 ವರ್ಷದವರೆಗೆ ಆರು ತಿಂಗಳಿಗೊಮ್ಮೆ ಅಂಗನವಾಡಿಯಲ್ಲಿ ಕೊಡುವ ‘ಎ’ ಜೀವಸತ್ವದ ದ್ರಾವಣ ತಪ್ಪಿಸಬೇಡಿ. ಹಿತ್ತಲಿನ ನುಗ್ಗೆಸೊಪ್ಪು, ಪರಂಗಿಹಣ್ಣು ತಟ್ಟೆಯಲ್ಲಿರಲಿ.

ನಮ್ಮ ಮನೆಗಳ ಪ್ರಶ್ನೆ

ಇನ್ನು ನಮ್ಮವರು ದನಿ ತಗ್ಗಿಸಿ ಕೇಳುವ ಮಾತಿಗೆ ಬರುತ್ತೇನೆ. “ನಾವು ಕಣ್ಣು ಕೊಡಬಹುದೇ?”

ಫತ್ವಾ ಕೊಡುವುದು ವೈದ್ಯನ ಕೆಲಸವಲ್ಲ. ಆದರೆ ವಿದ್ವಾಂಸರು ಏನು ಹೇಳಿದ್ದಾರೆ ಎಂದು ತಿಳಿಸಬಹುದು. ಇಸ್ಲಾಮಿಕ್ ರಾಷ್ಟ್ರಗಳ ಸಂಘಟನೆಗೆ ಸೇರಿದ ಅಂತಾರಾಷ್ಟ್ರೀಯ ಫಿಕ್‌ಹ್ ಅಕಾಡೆಮಿ 1988ರ ಫೆಬ್ರವರಿಯಲ್ಲಿ ಜಿದ್ದಾದಲ್ಲಿ ಸೇರಿ ಈ ವಿಷಯವನ್ನು ವಿವರವಾಗಿ ಚರ್ಚಿಸಿತು. ಮೃತರಿಂದ ಬದುಕಿರುವವರಿಗೆ, ಪ್ರಾಣ ಅಥವಾ ದೇಹದ ಮೂಲಭೂತ ಕಾರ್ಯ ಅದರ ಮೇಲೆ ನಿಂತಿದ್ದರೆ, ಅಂಗವನ್ನು ಕೊಡಬಹುದು ಎಂದಿತು. ಮೃತರು ಮೊದಲೇ ಒಪ್ಪಿರಬೇಕು ಅಥವಾ ವಾರಸುದಾರರು ಒಪ್ಪಬೇಕು, ಮಾರಾಟ ಸಲ್ಲದು ಎಂಬ ಷರತ್ತುಗಳೊಂದಿಗೆ. ಆ ನಿರ್ಣಯ ಕಾರ್ನಿಯಾವನ್ನು ಹೆಸರಿಸಿಯೇ ಮಾತಾಡುತ್ತದೆ. ಕಾಯಿಲೆಯ ಕಾರಣ ತೆಗೆದ ಕಣ್ಣಿನ ಕಾರ್ನಿಯಾವನ್ನು ಇನ್ನೊಬ್ಬರಿಗೆ ಬಳಸಬಹುದು ಎನ್ನುತ್ತದೆ, ಜಿರ್ಮ್ ಮಾಡಿದ್ದು ಇದನ್ನೇ. ಬದುಕಿರುವವರ ಎರಡೂ ಕಣ್ಣಿನ ಕಾರ್ನಿಯಾ ತೆಗೆಯುವುದು ಮಾತ್ರ ನಿಷಿದ್ಧ ಎನ್ನುತ್ತದೆ. ಇನ್ನೊಂದು ಕಡೆ, ನಮ್ಮ ಉಪಖಂಡದ ಹಲವು ಹಿರಿಯ ಮುಫ್ತಿಗಳು ಇದನ್ನು ಒಪ್ಪಿಲ್ಲ. ದೇಹ ಅಲ್ಲಾಹನ ಅಮಾನತ್ತು, ಮೃತರ ದೇಹಕ್ಕೂ ಬದುಕಿರುವವರಷ್ಟೇ ಗೌರವವಿದೆ ಎಂಬುದು ಅವರ ವಾದ. ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ನಿಮಗೆ ನಂಬಿಕೆಯಿರುವ ಆಲಿಮರನ್ನು ಕೇಳಿ. ಆದರೆ ಈಗ ಕೇಳಿ, ಎಲ್ಲರೂ ಆರೋಗ್ಯವಾಗಿರುವಾಗ. ಮಯ್ಯಿತ್ ಮನೆಯಲ್ಲಿ ಇದನ್ನು ಚರ್ಚಿಸಲು ಸಮಯವೂ ಇರುವುದಿಲ್ಲ, ಮನಸ್ಸೂ ಇರುವುದಿಲ್ಲ.

ಮಾರಾಟದ ಅನುಮಾನವೂ ಜನರಿಗಿದೆ. ಅದು ಸುಮ್ಮನೆ ಹುಟ್ಟಿದ್ದಲ್ಲ. 1990ರ ದಶಕದಲ್ಲಿ ಬೆಂಗಳೂರಿನಲ್ಲಿ ಬಡವರ ಮೂತ್ರಪಿಂಡ ಮಾರಾಟದ ಹಗರಣಗಳು ಬಯಲಾಗಿದ್ದವು. 1994ರ ಮಾನವ ಅಂಗಾಂಗ ಕಸಿ ಕಾಯ್ದೆ ಬಂದದ್ದು ದೇಶದಾದ್ಯಂತ ನಡೆಯುತ್ತಿದ್ದ ಅಂಥ ದಂಧೆಗೆ ಕಡಿವಾಣ ಹಾಕಲು. ಕಣ್ಣಿಗೂ ಆ ಕಾಯ್ದೆ ಅನ್ವಯಿಸುತ್ತದೆ. ಕೊಟ್ಟ ಮನೆಯವರು ಹಣ ಪಡೆಯುವಂತಿಲ್ಲ, ತೆಗೆದುಕೊಂಡು ಹೋಗುವವರು ಹಣ ಕೇಳುವಂತೆಯೂ ಇಲ್ಲ. ಯಾರಾದರೂ ಕೇಳಿದರೆ ಪೊಲೀಸರಿಗೆ ಹೇಳಿ.

ಕೊಡಬೇಕೆಂದು ತೀರ್ಮಾನಿಸಿದವರಿಗೆ ತಿಳಿದಿರಬೇಕಾದದ್ದು ಇಷ್ಟು. ವಾಗ್ದಾನದ ಪತ್ರಕ್ಕೆ ಸಹಿ ಹಾಕಿ ಪೆಟ್ಟಿಗೆಯಲ್ಲಿಟ್ಟರೆ ಉಪಯೋಗವಿಲ್ಲ, ಮನೆಯವರು ಒಪ್ಪದಿದ್ದರೆ ಯಾರೂ ಮುಟ್ಟುವುದಿಲ್ಲ. ಪತ್ರವಿಲ್ಲದಿದ್ದರೂ ಮನೆಯವರು ಒಪ್ಪಿದರೆ ಕೊಡಬಹುದು. ಆದ್ದರಿಂದ ಹೆಂಡತಿಗೆ, ಮಕ್ಕಳಿಗೆ, ಅಣ್ಣತಮ್ಮಂದಿರಿಗೆ ಬಾಯಿಬಿಟ್ಟು ಹೇಳಿಡಿ. ವಯಸ್ಸಿನ ಅಡ್ಡಿಯಿಲ್ಲ. ಕನ್ನಡಕ ಹಾಕುತ್ತಿದ್ದವರು, ಪೊರೆ ತೆಗೆಸಿಕೊಂಡವರು, ಬಿಪಿ, ಶುಗರ್ ಇದ್ದವರು ಕೊಡಬಹುದು. ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಹುಚ್ಚುನಾಯಿ ರೋಗ, ರಕ್ತದ ಕ್ಯಾನ್ಸರ್, ದೇಹವಿಡೀ ನಂಜೇರಿ ತೀರಿಕೊಂಡವರದು ಬಳಕೆಗೆ ಬರುವುದಿಲ್ಲ.

ಉಸಿರು ನಿಂತ ಆರು ಗಂಟೆಯೊಳಗೆ ಕೆಲಸ ಆಗಬೇಕು. ಬೆಳಗೊಳದಿಂದ ಬೆಂಗಳೂರು ಸುಮಾರು 145 ಕಿಲೋಮೀಟರ್, ಹಾಸನ 50. ಆದ್ದರಿಂದ ನೆಂಟರಿಗೆ ಫೋನ್ ಮಾಡುವ ಮುಂಚೆ ಕಣ್ಣಿನ ಬ್ಯಾಂಕಿಗೆ ಫೋನ್ ಹೋಗಬೇಕು. ನಿಮ್ಮೂರಿಗೆ ಹತ್ತಿರದ ಬ್ಯಾಂಕಿನ ನಂಬರನ್ನು ಜಿಲ್ಲಾ ಆಸ್ಪತ್ರೆಯ ಕಣ್ಣಿನ ವಿಭಾಗದಲ್ಲಿ ಕೇಳಿ ಗೋಡೆಗೆ ಅಂಟಿಸಿಡಿ. ಅವರು ಬರುವವರೆಗೆ ಫ್ಯಾನ್ ನಿಲ್ಲಿಸಿ, ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿ ಇಟ್ಟು, ತಲೆಯಡಿ ಒಂದು ದಿಂಬು ಕೊಡಿ. ಬರುವವರು ಒಬ್ಬಿಬ್ಬರು ತರಬೇತಾದವರು, ಮನೆಗೇ ಬರುತ್ತಾರೆ, ಶವವನ್ನು ಎಲ್ಲಿಗೂ ಒಯ್ಯಬೇಕಿಲ್ಲ. ಪರೀಕ್ಷೆಗೆ ಸ್ವಲ್ಪ ರಕ್ತ ತೆಗೆದುಕೊಳ್ಳುತ್ತಾರೆ. ಸಾಮಾನ್ಯವಾಗಿ ಈಗ ಕಾರ್ನಿಯಾವನ್ನಷ್ಟೇ ತೆಗೆದು, ಆ ಜಾಗದಲ್ಲಿ ಪಾರದರ್ಶಕ ಬಿಲ್ಲೆ ಇಟ್ಟು ರೆಪ್ಪೆ ಮುಚ್ಚುತ್ತಾರೆ, ಮುಖ ನೋಡಲು ಬಂದವರಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಹೆಚ್ಚೆಂದರೆ ಇಪ್ಪತ್ತು ನಿಮಿಷ. ಅವರು ಬೇಗ ತಲುಪಿದರೆ ಗುಸ್ಲಿಗೆ ಇಟ್ಟ ನೀರು ಬೆಚ್ಚಗಾಗುವುದರೊಳಗೆ ಮುಗಿದಿರುತ್ತದೆ.